ನಾನು ಬರೆದ ಒಂಬತ್ತುಗಳು

ಗಂಡ ಬಸ್ಸಿನಲ್ಲಿ ಹೆಂಗಸರ ಮೈಗೆ ಮೈ ಉಜ್ಜುತ್ತಾನೆಂದು ನನಗೆ ತಿಳಿದದ್ದು, ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಅವನ ಕಪಾಳಕ್ಕೆ ಬಾರಿಸಿದ ದಿನ. ಅವನಿಗೆ ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ. ಬ್ಯಾಡಗಿಯಿಂದ ದಿನಾ ಓಡಾಟ. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು: "ನೀ ಗಂಡನ್ನ ಚೊಲೋತ್ನಂಗ ನೋಡ್ಕೊಂಡಿದ್ರ ಅಂವ ಹಿಂಗ ಯಾಕ ಮಾಡ್ತಿದ್ದ?"

ಆ ಮಾತು ನನಗೆ ಇವತ್ತಿಗೂ ಅರಗಿಲ್ಲ.

ಹಾವೇರಿಯ ಮನೋವೈದ್ಯರು ಗುಳಿಗೆ ಬರೆದುಕೊಟ್ಟರು. ಇದು ರೋಗ, ಆದರೆ ಮಾಡಿದ ತಪ್ಪು ಅವನದೇ ಎಂದರು. ಆ ಚಪಲ ಎಷ್ಟಿತ್ತೆಂದು ದಿನಾ ಸಂಜೆ, ಹತ್ತು ಅಂಕಕ್ಕೆ ಇಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅದನ್ನು ನೋಡಿ ಅವರು ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಾರೆ. ನಾನು ಶಾಲೆಯ ಶಿಕ್ಷಕಿ, ಹಾಗಾಗಿ ಬರೆಯುವ ಕೆಲಸ ನನಗೇ ಬಂತು. ಮಕ್ಕಳಿಗೆ ಅಂಕ ಕೊಡುವಾಗ ಕೈ ಬಿಗಿ ಎಂದು ಹೆಸರಾದವಳು, ಗಂಡನಿಗೆ ಧಾರಾಳವಾಗಿ ಕೊಟ್ಟೆ. ಅವನು ಮೂರು ಎಂದರೆ ಒಂಬತ್ತು ಬರೆದೆ. ನಾಚಿಕೆಗೆ ಅವನು ಆ ನೋಟ್‌ಬುಕ್ ತೆರೆಯುತ್ತಲೇ ಇರಲಿಲ್ಲ.

ವೈದ್ಯರು ಗುಳಿಗೆ ಏರಿಸಿದರು. ಅವನು ತಟ್ಟೆಯ ಮುಂದೆ ತೂಕಡಿಸುತ್ತಿದ್ದ, ಕೈ ನಡುಗಿ ಸಾರು ಚೆಲ್ಲಿಕೊಳ್ಳುತ್ತಿದ್ದ. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಬೆಳಿಗ್ಗೆ ಅಂಗಡಿಗೆ ಹೊರಟವನು ಹೊಸ್ತಿಲಲ್ಲೇ ನಿಂತ. "ಇವತ್ತ ನನ್ನ ಬಸ್ಸಿಗೆ ಕಳಸಬ್ಯಾಡ. ಒಂಬತ್ತ ಐತಿ."

ವೈದ್ಯರಿಗೆ ಫೋನ್ ಮಾಡಿದೆ. "ತಿಂಗಳಿಂದ ಒಂಬತ್ತ ಐತಲ್ರೀ ಅಕ್ಕಾರ," ಎಂದರು. "ಗುಳಿಗಿ ಏರ್ಸೇನಿ. ಹೇಳಿದ ತಾರೀಖಿಗೆ ಬರ್ರಿ."

ಆ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರು ಕಾಲೇಜಿಗೆ ಹೋಗುತ್ತಾರೆ. ನಾಳೆ, ನಾಡಿದ್ದು ಅವನು ಹತ್ತುವುದೂ ಅದೇ ಬಸ್ಸು.

"ಅವೆಲ್ಲಾ ಸುಳ್ರೀ ಸರ. ಸಿಟ್ಟಿಗೆ ನಾನ ಬರದದ್ದು. ಇವತ್ತಿಂದು ಖರೇ ಐತ್ರಿ."

ವೈದ್ಯರು ತಾರೀಖಿನ ಮಾತು ಬಿಟ್ಟರು. "ಬಸ್ಸ ಬ್ಯಾಡ. ಗಾಡಿ ಮಾಡ್ಕೊಂಡು ಲಗೂನ ಕರ್ಕೊಂಡ ಬರ್ರಿ."

ಹೊಸ್ತಿಲಲ್ಲಿದ್ದ ಅವನೂ, ಒಳಗಿದ್ದ ಅತ್ತೆಯೂ ನನ್ನ ಮಾತು ಕೇಳಿಸಿಕೊಂಡಿದ್ದರು. ನಾನು ಕ್ಷಮೆ ಕೇಳಲಿಲ್ಲ. ಅವನನ್ನು ಕ್ಷಮಿಸಿಯೂ ಇಲ್ಲ. ಆದರೆ ಅಂದಿನಿಂದ ಆ ನೋಟ್‌ಬುಕ್ಕಿನಲ್ಲಿ ಸುಳ್ಳಿಲ್ಲ. ಈಗ ಬರೆಯುವವನು ಅವನೇ. ಅತ್ತೆಗೆ ಓದಲು ಬರುವುದಿಲ್ಲ. ಅದಕ್ಕೇ ಸಂಜೆ ಅವರನ್ನು ಅವನ ಎದುರು ಕೂರಿಸುತ್ತೇನೆ. ಬರೆದದ್ದನ್ನು ಅವನು ತಾಯಿಗೆ ಗಟ್ಟಿಯಾಗಿ ಓದಿ ಹೇಳಬೇಕು.