ಮಹಡಿ ಮೇಲಿನ ಮೊದಲ ಬಹುಮಾನ

ಗೋವಿಂದರಾಜನಗರದ ನಮ್ಮ ಕ್ರೈಸ್ತ ಸಭೆಗೆ ಸ್ವಂತ ಕಟ್ಟಡವಿಲ್ಲ. ನೆಲಮಹಡಿಯಲ್ಲಿ ಮಾಲೀಕರ ಸಂಸಾರ, ಅದರ ಮೇಲೆ ಎರಡು ಬಾಡಿಗೆ ಮನೆ, ಎಲ್ಲಕ್ಕಿಂತ ಮೇಲೆ ನಾವು. ನಮ್ಮ ಹಾಡು ದೇವರಿಗಿಂತ ಮೊದಲು ಮಾಲೀಕರ ಕಿವಿಗೆ ಬೀಳುತ್ತದೆ ಎಂದು ನಾನು ತಮಾಷೆ ಮಾಡುವುದುಂಟು. ಅವರು ಹೊಸಹಳ್ಳಿಯ ಹಳೇ ಒಕ್ಕಲು ಮನೆತನದವರು. ಹೊಲವೆಲ್ಲ ಸೈಟಾದರೂ ಹೆಗಲ ಮೇಲಿನ ಟವೆಲ್ ಬಿಟ್ಟಿಲ್ಲ. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತೇವೆ. ಮಾತು ಬಹಳ ಕಡಿಮೆ. ಅವರು ಸುಮ್ಮನಿದ್ದಷ್ಟೂ ನಮ್ಮ ಸಭೆಯ ಹಿರಿಯರಿಗೆ ಭಯ ಜಾಸ್ತಿ.

ಪ್ರತಿ ಬೇಸಿಗೆ ರಜೆಯಲ್ಲಿ ನಾವು ಮಕ್ಕಳ ಶಿಬಿರ ಮಾಡುತ್ತೇವೆ. ಪುಟಾಣಿಗಳು ಹಾಲ್‌ನಲ್ಲಿ, ನಾಲ್ಕರಿಂದ ಏಳನೇ ಕ್ಲಾಸಿನವರು ಟೆರೇಸಿನ ಶಾಮಿಯಾನದ ಕೆಳಗೆ, ಮೀಸೆ ಚಿಗುರುತ್ತಿರುವ ಹೈಸ್ಕೂಲಿನ ಮಹಾಶಯರು ಪಾರ್ಕಿಂಗ್‌ನಲ್ಲಿ. ಟೆರೇಸಿನ ಗುಂಪಿಗೆ ನಾನೇ ಟೀಚರ್. ಬಿಸಿಲಿಗೆ ತಲೆ ಸಿಡಿಯುತ್ತದೆ, ಮಕ್ಕಳ ಗಲಾಟೆಗೆ ಕಿವಿ ಹೋಗುತ್ತದೆ, ಆದರೂ ಆ ಗುಂಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಹೋದ ಬೇಸಿಗೆಯ ಮೊದಲ ದಿನ ಯಜಮಾನರ ಮೊಮ್ಮಗಳು ಮೆಟ್ಟಿಲು ಹತ್ತಿ ಬಂದಳು. ಐದನೇ ಕ್ಲಾಸು, ಹಣೆಯಲ್ಲಿ ಕುಂಕುಮ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ನಾನು ಹಾಡು ಕಲಿಸುವ ಮೊದಲೇ ಹಾಡಿನ ಜೊತೆ ಮಾಡುವ ಕೈಸನ್ನೆಗಳನ್ನು ಬಿಟ್ಟು ಉಳಿದದ್ದೆಲ್ಲ ಹಾಡಿ ಮುಗಿಸಿದಳು.

"ಯಾರೇ ನಿಂಗೆ ಕಲ್ಸಿದ್ದು?" ಎಂದೆ.

"ನಮ್ಮನೇಗೆ ಕೇಳ್ಸುತ್ತಲ್ಲ ಆಂಟಿ!"

"ತಾತಂಗೆ ಹೇಳಿ ಬಂದಿದೀಯಾ?"

"ಹೂಂ. ಹೋಗು, ಮನೇಲಿ ಟಿವಿ ನೋಡೋದಕ್ಕಿಂತ ವಾಸಿ ಅಂದ್ರು."

ಅಷ್ಟಕ್ಕೆ ಹೆದರಿಕೆ ಬಿಡುವವರು ನಾವಲ್ಲ. ಆಗಿನ ದಿನಗಳೂ ಹಾಗೇ ಇದ್ದವು. ಎಲ್ಲೋ ಪ್ರಾರ್ಥನೆಗೆ ಸೇರಿದವರನ್ನು ಯಾರೋ ಬಂದು ಪ್ರಶ್ನೆ ಮಾಡಿದರು, ಇನ್ನೆಲ್ಲೋ ವಿಡಿಯೋ ತೆಗೆದರು ಎಂಬ ಸುದ್ದಿ ದಿನಕ್ಕೊಂದು ಫೋನಿಗೆ ಬರುತ್ತಿತ್ತು. ಗೇಟಿನಲ್ಲಿ ಕಟ್ಟಿದ್ದ ನಮ್ಮ ಬ್ಯಾನರಿನ ಫೋಟೋವನ್ನು ಬೈಕಿನಲ್ಲಿ ಬಂದ ಇಬ್ಬರು ಹುಡುಗರು ತೆಗೆದುಕೊಂಡು ಹೋದರು. ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆ ವರ್ಷದ ಶಿಬಿರದ ವಿಷಯವೇ 'ಧೈರ್ಯ'. ಹೈಸ್ಕೂಲಿನ ಮಕ್ಕಳು ಥರ್ಮಾಕೋಲ್ ಕತ್ತರಿಸಿ ಆ ಎರಡು ಅಕ್ಷರವನ್ನು ವೇದಿಕೆಯ ಹಿಂದೆ ಅಂಟಿಸಿದ್ದರು.

ಶಿಬಿರದಲ್ಲಿ ಕಂಠಪಾಠದ ಸ್ಪರ್ಧೆ ದೊಡ್ಡದು. ಟೆರೇಸಿನ ಗುಂಪಿಗೆ ಬೈಬಲಿನ ಉದ್ದದ ಕೀರ್ತನೆಯೊಂದನ್ನು ಕೊಟ್ಟಿದ್ದೆವು. ಹಳೆಯ ಕಾಲದ ಕನ್ನಡ, ದೊಡ್ಡವರ ನಾಲಿಗೆಯೇ ತೊಡರುವಂಥದ್ದು. ಕೇಳಿಸಿಕೊಳ್ಳಲು ನಾನು ಮತ್ತು ನಮ್ಮ ಪಾಸ್ಟರ್ ಅಯ್ಯನವರ ಹೆಂಡತಿ ಕೂತೆವು. ನಮ್ಮ ಸಭೆಯ ಕಾರ್ಯದರ್ಶಿಗಳ ಮೊಮ್ಮಗ ಚೆನ್ನಾಗಿಯೇ ಹೇಳಿದ, ನಡುವೆ ಒಂದು ಸಾಲು ಹಾರಿಸಿದ. ಜಡೆಯವಳು ಕಣ್ಣು ಮುಚ್ಚಿ, ಕೈ ಕಟ್ಟಿ, ಒಂದು ಅಕ್ಷರ ಅತ್ತಿತ್ತ ಮಾಡದೆ ಒಪ್ಪಿಸಿದಳು. ಅಯ್ಯನವರ ಹೆಂಡತಿ ನನ್ನ ತೊಡೆ ಚಿವುಟಿದರು. ನಮ್ಮಿಬ್ಬರಿಗೂ ಅಷ್ಟು ಸಂತೋಷ.

ಸಂತೋಷ ಕಮಿಟಿಯವರೆಗೆ ಮಾತ್ರ ಉಳಿಯಿತು. ಮೊದಲ ಬಹುಮಾನ ಎಂದರೆ ನಮ್ಮಲ್ಲಿ ವೇದಪುಸ್ತಕ, ಅಂದರೆ ಬೈಬಲ್. ಒಳಪುಟದಲ್ಲಿ ಮಗುವಿನ ಹೆಸರು ಬರೆದು, ಎಲ್ಲರ ಮುಂದೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ.

"ಸಮಾರೋಪಕ್ಕೆ ಯಜಮಾನ್ರನ್ನ ಕರೆದಿದೀವಿ, ಮುಂದಿನ ಸಾಲಲ್ಲಿ ಕೂತಿರ್ತಾರೆ," ಎಂದರು ಕಾರ್ಯದರ್ಶಿಗಳು. "ಅವ್ರ ಕಣ್ಣೆದುರಿಗೇ ಅವ್ರ ಮನೆ ಮಗೂಗೆ ಈ ಪುಸ್ತಕ ಕೊಟ್ರೆ ಏನಂದ್ಕೋತಾರೆ? ನಾಳೆ ಹಾಲ್ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋಣ?"

"ಹಾಗಾದ್ರೆ ಬೇರೆ ಪುಸ್ತಕ ಕೊಡಿ. ಫಸ್ಟ್ ಅಂತ ಹೇಳಿ ಕೊಡಿ," ಎಂದೆ.

"ಫಸ್ಟ್ ಬಂದವ್ರಿಗೆ ಯಾವತ್ತೂ ಕೊಡೋದನ್ನ ಅವ್ಳಿಗೆ ಮಾತ್ರ ಕೊಡ್ಲಿಲ್ಲ ಅಂದ್ರೆ ಅದೂ ತಪ್ಪಾಗುತ್ತಮ್ಮ."

"ಕೆಳಗಿಳಿದು ಅವ್ರನ್ನೇ ಕೇಳ್ಕೊಂಡು ಬರೋಣ ಹಂಗಾದ್ರೆ."

"ಕೇಳಿದ್ರೇ ಅನುಮಾನ ಬರೋದು. ನೀವು ದಯವಿಟ್ಟು ಸುಮ್ನಿರಿ."

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ತೀರ್ಮಾನ ಮಾಡಿದರು. ಮೊದಲ ಬಹುಮಾನ ಕಾರ್ಯದರ್ಶಿಗಳ ಮೊಮ್ಮಗನಿಗೆ, ಹುಡುಗಿಗೆ 'ವಿಶೇಷ ಪ್ರೋತ್ಸಾಹ'ದ ಪೆನ್ಸಿಲ್ ಬಾಕ್ಸ್. ನಾನು ಕೂಗಾಡಿದೆ. ಅಯ್ಯನವರು ಕನ್ನಡಕ ಒರೆಸಿಕೊಳ್ಳುತ್ತ ಕೂತರು. ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಸಮಾರೋಪದ ಸಂಜೆ ಯಜಮಾನ್ರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ಬಂದರು. ಆ ಹಾಲ್‌ನೊಳಗೆ ಅವರು ಕಾಲಿಟ್ಟಿದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಹಾಡಿಗೆ ತಲೆಯಾಡಿಸಲಿಲ್ಲ, ನಾಟಕಕ್ಕೆ ನಗಲಿಲ್ಲ. ಹೆಣ್ಣುಮಕ್ಕಳು ತಂದುಕೊಟ್ಟ ಶರಬತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಕಾರ್ಯದರ್ಶಿಗಳು ಗಳಿಗೆಗೊಮ್ಮೆ ಆ ಲೋಟದ ಕಡೆ ನೋಡುತ್ತಿದ್ದರು.

ಹುಡುಗಿ ನನ್ನ ಪಕ್ಕದಲ್ಲಿ ಕೂತಿದ್ದಳು, ಕರೆದ ಕೂಡಲೇ ಎದ್ದು ಹೋಗಲು ಅನುಕೂಲವಾಗಲಿ ಎಂದು ಕುರ್ಚಿಯ ತುದಿಯಲ್ಲಿ. ಮೈಕಿನಲ್ಲಿ ಮೊದಲ ಬಹುಮಾನದ ಹೆಸರು ಬಂತು. ಎದ್ದವನು ಹುಡುಗ. ಅವಳೂ ಅರ್ಧ ಎದ್ದಿದ್ದಳು. ಹಾಗೇ ಕೂತು ಲಂಗ ಸರಿ ಮಾಡಿಕೊಂಡಳು. ಆಮೇಲೆ ಪೆನ್ಸಿಲ್ ಬಾಕ್ಸಿಗೆ ಕರೆದರು. ಹೋಗಿ ತಂದಳು. ಚಪ್ಪಾಳೆ ನಿಂತ ಮೇಲೆ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು:

"ಆಂಟಿ, ನಾನು ಎಲ್ಲಿ ತಪ್ದೆ?"

ಸುಮ್ಮನಿರಿ ಎಂದಿದ್ದರಲ್ಲ, ಅದೆಲ್ಲ ಎಲ್ಲಿ ಹೋಯಿತೋ ಕಾಣೆ. "ಎಲ್ಲೂ ತಪ್ಪಿಲ್ಲ ಕಣೇ!" ಎಂದುಬಿಟ್ಟೆ. ಟೆರೇಸಿನಲ್ಲಿ ಕೂಗಿ ಕೂಗಿ ದಪ್ಪಗಾದ ಗಂಟಲು ನನ್ನದು. ಇಡೀ ಹಾಲ್‌ಗೆ ಕೇಳಿಸಿತು.

ಯಜಮಾನ್ರು ಶರಬತ್ತಿನ ಲೋಟವನ್ನು ನೆಲದ ಮೇಲಿಟ್ಟು ಎದ್ದರು. ಹಿಂದಿನ ಸಾಲಿನ ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಮುಗಿಯಿತು ನಮ್ಮ ಕಥೆ, ಮುಂದಿನ ಭಾನುವಾರದ ಆರಾಧನೆ ಬೀದಿಯಲ್ಲೇ ಎಂದುಕೊಂಡೆ.

"ತಪ್ಪಿಲ್ಲ ಅಂತಾರಲ್ಲ ಆ ಯಮ್ಮ. ಮತ್ತೆ ಮಗೂಗೆ ಫಸ್ಟ್ ಯಾಕಿಲ್ಲ?" ಎಂದರು, ಕಾರ್ಯದರ್ಶಿಗಳನ್ನೇ ನೋಡುತ್ತ.

"ಯಜಮಾನ್ರೇ, ಅದು... ನಮ್ಮ ಧರ್ಮದ ಪುಸ್ತಕ. ನಿಮ್ಮನೇಗೆ ಬಂದ್ರೆ ನಿಮಗೆ ಬೇಜಾರಾಗುತ್ತೇನೋ ಅಂತ..."

"ನನ್ ಮನೇಗೆ ಏನ್ ಬರ್ಬೇಕು, ಏನ್ ಬರ್ಬಾರ್ದು ಅಂತ ನಾನ್ ನೋಡ್ಕೋತೀನಿ ಸಾರ್. ನೀವು ಮಾರ್ಕ್ಸ್ ಸರಿಯಾಗಿ ನೋಡಿ." ದನಿ ಏರಲಿಲ್ಲ. "ಅದ್ರೊಳಗಿನ ಮಾತು ಆಗ್ಲೇ ಮನೇಗೆ ಬಂದಾಯ್ತು. ದಿನಾ ಸಂಜೆ ಹಾಳೆ ಹಿಡ್ಕೊಂಡು ಕೂತು ಅವ್ಳ ಹತ್ರ ಒಪ್ಪಿಸ್ಕೊಂಡವನು ನಾನೇ. ಇಷ್ಟು ವರ್ಷದಿಂದ ನನ್ ತಲೆ ಮೇಲೇ ಇದೀರ. ಮೆಟ್ಲು ಇಳಿದು ಒಂದ್ ಮಾತು ಕೇಳೋಕೆ ಆಗ್ಲಿಲ್ವಾ?"

ಕೊನೆಗೆ ಅಯ್ಯನವರೇ ಎದ್ದರು. ಹುಡುಗನ ಭುಜ ಸವರಿ, ಅವನಿಗೆ ಏನೋ ಹೇಳಿ, ಪುಸ್ತಕ ತೆಗೆದುಕೊಂಡು, ಒಳಪುಟದ ಹೆಸರು ತಿದ್ದಿ ಹುಡುಗಿಗೆ ಕೊಟ್ಟು, ತಪ್ಪು ನಮ್ಮದು ಎಂದು ಮೈಕಿನಲ್ಲೇ ಹೇಳಿದರು. ಅವಳು ಪೆನ್ಸಿಲ್ ಬಾಕ್ಸನ್ನು ಹುಡುಗನ ಕೈಗಿಟ್ಟು ಬಂದಳು. ಕಾರ್ಯದರ್ಶಿಗಳು ಥರ್ಮಾಕೋಲಿನ 'ಧೈರ್ಯ'ದ ಕೆಳಗೆ ತಲೆ ಬಗ್ಗಿಸಿ ನಿಂತಿದ್ದರು. ನನಗೆ ಅವರನ್ನು ನೋಡಿ ಪಾಪ ಎನಿಸಲಿಲ್ಲ. ಆಮೇಲೆ ಅನಿಸಿತು, ಎರಡು ದಿನ ಕಳೆದು.

ಎಲ್ಲ ಸರಿಹೋಯಿತು ಎಂದುಕೊಂಡು ನಾನು ಕುರ್ಚಿ ಮಡಿಸುತ್ತಿದ್ದೆ. ಅವಳು ಪುಸ್ತಕವನ್ನು ಎದೆಗವಚಿಕೊಂಡು ಮತ್ತೆ ಬಂದಳು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಆಂಟಿ, ತಾತ ಬೈದ್ರು ಅಂತ ಕೊಟ್ರಾ? ನಿಜವಾಗ್ಲೂ ತಪ್ಪಿರ್ಲಿಲ್ವಾ ನಾನು?"

ಕುರ್ಚಿ ಕೆಳಗಿಟ್ಟೆ. ಆ ಮಗುವಿನ ಗೆಲುವನ್ನು ನಾವು ಎಷ್ಟು ಸುಲಭವಾಗಿ ಕೆಡಿಸಿದ್ದೆವು! ಎಷ್ಟು ಸಮಾಧಾನ ಹೇಳಿದರೂ ಅವಳು ನಂಬುವುದಿಲ್ಲ ಎಂದು ಗೊತ್ತಾಯಿತು. ಮೆಟ್ಟಿಲ ಮೇಲೆ ಕೂತೆ. "ಬಾ, ಇನ್ನೊಂದ್ಸಲ ಒಪ್ಸು. ತಪ್ಪಿದ್ರೆ ಹೇಳ್ತೀನಿ," ಎಂದೆ.

ಕಣ್ಣು ಮುಚ್ಚಿ, ಪುಸ್ತಕದ ಮೇಲೆ ಕೈ ಕಟ್ಟಿ ಶುರು ಮಾಡಿದಳು. ನಾಲ್ಕು ಮೆಟ್ಟಿಲು ಕೆಳಗೆ ಯಜಮಾನ್ರು ಅವಳಿಗಾಗಿ ಕಾಯುತ್ತ ಗೋಡೆಗೊರಗಿ ನಿಂತಿದ್ದರು. ಅವಳು ಒಂದೊಂದು ಸಾಲು ಹೇಳುವಾಗಲೂ ಅವರ ತುಟಿ ಅವಳ ಜೊತೆಗೇ ಅಲ್ಲಾಡುತ್ತಿತ್ತು. ಇಬ್ಬರೂ ಎಲ್ಲೂ ತಪ್ಪಲಿಲ್ಲ.