ಬ್ಯಾಚ್ ನಂಬರಿನ ತುಂಡು

ಮೆಡಿಕಲ್ ಶಾಪಿನಲ್ಲಿ ಇಪ್ಪತ್ತಾರು ವರ್ಷದಿಂದ ಮಾತ್ರೆ ಕೊಡುತ್ತಿದ್ದವನಿಗೆ ಬೀದಿಯವರು ಕತ್ತರಿ ಎಂದೇ ಹೆಸರಿಟ್ಟಿದ್ದರು. ಎರಡು ಮಾತ್ರೆ ಕೇಳಿದರೆ ಎರಡೇ ಕತ್ತರಿಸಿ ಕೊಡುವ ಕೆಲಸ. ಅದಕ್ಕೂ ಅವನದೊಂದು ಶಾಸ್ತ್ರವಿತ್ತು. ಶೀಟಿನಲ್ಲಿ ಬ್ಯಾಚ್ ನಂಬರು ಅಚ್ಚಾದ ಕಡೆ ಮುಟ್ಟಬಾರದು, ಇನ್ನೊಂದು ತುದಿಯಿಂದಲೇ ಕತ್ತರಿಸುತ್ತ ಬರಬೇಕು. ನಂಬರಿಲ್ಲದ ಮಾತ್ರೆಗೆ ಹೇಳುವವರು ಕೇಳುವವರು ಇಲ್ಲ ಅನ್ನುತ್ತಿದ್ದ. ಹಾಗನ್ನುತ್ತಲೇ ಅಂಥವನ್ನು ಗಿರಾಕಿಗಳ ಕೈಗೆ ಹಾಕಿ, ನಂಬರಿದ್ದ ಕೊನೆಯ ತುಂಡುಗಳನ್ನು ಅಕ್ಕನಿಗೆಂದು ಮನೆಗೆ ಒಯ್ಯುತ್ತಿದ್ದ. ಸ್ವಂತದವರ ವಿಷಯ ಬಂದರೆ ಮಹಾ ಜಾಣ.

ಅಕ್ಕನಿಗೆ ಚಿಕ್ಕಂದಿನಿಂದ ಫಿಟ್ಸ್. ಆ ಮಾತ್ರೆ ಹಿಡಿದ ಮೇಲೆ ಒಂಬತ್ತು ವರ್ಷ ಒಮ್ಮೆಯೂ ಬಂದಿರಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತ, ಯಾರ ಹಂಗೂ ಇಲ್ಲದೆ ಇದ್ದಳು. ಕಳೆದ ವರ್ಷ ಅದು ಮತ್ತೆ ಕಾಣಿಸಿಕೊಂಡಿತು. ಎರಡನೆಯ ಸಲ ಬಿದ್ದದ್ದು ಮಿಷನ್ನಿನ ಮೇಲೆಯೇ. ಸೂಜಿ ಬೆರಳಿನ ಆಚೆಗೆ ಬಂತು.

"ನೀನು ಮಾತ್ರೆ ನುಂಗ್ತಿಲ್ಲ" ಎಂದ ತಮ್ಮ.

"ನುಂಗ್ತಿದೀನಿ ಕಣೋ."

"ನುಂಗಿದ್ರೆ ಯಾಕೆ ಬರತ್ತೆ? ಮಾತ್ರೆ ಸುಳ್ಳು ಹೇಳತ್ತಾ?"

ತಾನೇ ಹೋಗಿ ಸೂಪರ್‌ವೈಸರ್ ಹತ್ತಿರ ಮಾತಾಡಿ ಅವಳ ಕೆಲಸ ಬಿಡಿಸಿದ. ನುಂಗಿದ ಮೇಲೆ ಖಾಲಿ ತುಂಡನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕೆಂದು ಕಟ್ಟಪ್ಪಣೆ ಮಾಡಿದ. ಪ್ರತಿ ಭಾನುವಾರ ಡಬ್ಬಿ ಸುರಿದು ಒಂದೊಂದನ್ನೂ ನೋಡುತ್ತಿದ್ದ. ಲೆಕ್ಕ ಸರಿಬಂದರೂ ಬಿಡಲಿಲ್ಲ. "ಮೋರಿಗೆ ಹಾಕಿ ಖಾಲಿ ತುಂಡು ಇಟ್ಟಿರ್ತೀಯ" ಎಂದ. ಆಮೇಲೆ ಅಕ್ಕ ವಾದ ಮಾಡುವುದನ್ನೇ ಬಿಟ್ಟಳು. ಮನೆಯಲ್ಲಿ ಮಾತು ಊಟ, ಬಟ್ಟೆ, ನೀರಿಗೆ ನಿಂತುಹೋಯಿತು.

ಅಷ್ಟರಲ್ಲಿ ನಕಲಿ ಔಷಧಿಯ ಮೇಲೆ ದಾಳಿಗಳು ಶುರುವಾದವು. ಮಾಲೀಕನಿಗೆ ಮೊದಲೇ ವಾಸನೆ ಬಡಿದಿತ್ತು. ಬಿಲ್ಲಿಲ್ಲದೆ ತರಿಸಿದ್ದನ್ನೆಲ್ಲ ಹಿಂದಿನ ದಿನವೇ ಕಾರಿಗೆ ತುಂಬಿ ಸಾಗಿಸಿಬಿಟ್ಟ. ಡ್ರಗ್ ಇನ್‌ಸ್ಪೆಕ್ಟರಮ್ಮ ಬಂದಾಗ ಸಿಕ್ಕಿದ್ದು ಒರೆಸಿಟ್ಟ ಕಪಾಟುಗಳು ಮಾತ್ರ. ನಕಲಿಯೆಂದು ಗೊತ್ತಾದ ಬ್ಯಾಚುಗಳ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ ಹೋದರು.

"ಆ ಮಾಲು ನಮ್ಮಲ್ಲಿಗೆ ಬಂದೇ ಇಲ್ಲ ಅನ್ನು" ಎಂದ ಮಾಲೀಕ. "ಮಾರಿದ ಕೈ ನಿಂದು, ನೆನಪಿರಲಿ."

ಕತ್ತರಿ ಪಟ್ಟಿ ಓದಿದ. ನಾಲ್ಕನೆಯ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಅದೆಷ್ಟು ಭಾನುವಾರ ಡಬ್ಬಿಯ ತುಂಡುಗಳ ಮೇಲೆ ನೋಡಿದ್ದ ಅದನ್ನು. ಕೌಂಟರಿನ ಹಿಂದೆ ಕೂತವನಿಗೆ ಮೊದಲು ಕಣ್ಣಿಗೆ ಕಟ್ಟಿದ್ದು ಅಕ್ಕನ ಬೆರಳು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು, ಜೈಲು ತಪ್ಪುತ್ತಿತ್ತು. ಸಂಜೆಯವರೆಗೆ ಅದನ್ನೇ ಯೋಚಿಸಿದ ಎನ್ನುವುದನ್ನೂ ಹೇಳಬೇಕು, ಅವನೇನು ದೇವರಲ್ಲ. ಮರುದಿನ ಇನ್‌ಸ್ಪೆಕ್ಟರಮ್ಮನಿಗೆ ತಾನೇ ಫೋನ್ ಮಾಡಿದ.

ಅವರು ಮಧ್ಯಾಹ್ನ ಮನೆಗೆ ಬಂದು ಡಬ್ಬಿಯಲ್ಲಿದ್ದದ್ದನ್ನು ಪೇಪರಿನ ಮೇಲೆ ಹರವಿದರು. ಹತ್ತು ತಿಂಗಳ ತುಂಡುಗಳು, ಎಲ್ಲದರ ಮೇಲೂ ಅದೇ ನಂಬರು. ಇನ್ನೂ ನುಂಗದಿದ್ದ ನಾಲ್ಕು ಮಾತ್ರೆಗಳನ್ನು ಕವರಿಗೆ ಹಾಕಿ ಸೀಲು ಮಾಡಿದರು.

"ಈ ಬ್ಯಾಚಲ್ಲಿ ಔಷಧಿನೇ ಇಲ್ಲ ಅಂತ ಲ್ಯಾಬ್ ರಿಪೋರ್ಟ್ ಬಂದಿದೆ. ಬರೀ ಹಿಟ್ಟು" ಎಂದರು. "ಮಾರಿದ್ದು ನೀವು ಅಂತಾನೂ ಬರೀಬೇಕಾಗತ್ತೆ, ಗೊತ್ತಲ್ಲ?"

"ಬರ್ಕೊಳ್ಳಿ."

"ನಿಮ್ಮಕ್ಕ ಇದನ್ನ ಸರಿಯಾಗಿ ತಗೊಂಡಿದ್ರಾ, ಇಲ್ಲ ನಡುನಡುವೆ ಬಿಟ್ಟಿದ್ರಾ? ನಿಮ್ಮ ಮಾಲೀಕರ ಕಡೆ ವಕೀಲರು ಮೊದಲು ಕೇಳೋದೇ ಅದನ್ನ."

ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವನಿಗೆ ಅತ್ತ ತಿರುಗುವ ಧೈರ್ಯವಾಗಲಿಲ್ಲ.

"ಒಂದು ದಿನಾನೂ ಬಿಟ್ಟಿಲ್ಲ" ಎಂದ. "ನಂಗೆ ಗೊತ್ತು."

ಇನ್‌ಸ್ಪೆಕ್ಟರಮ್ಮ ಬರೆಯತೊಡಗಿದರು.

"ಯಾವಾಗಿಂದ ಗೊತ್ತು ಅಂತಾನೂ ಕೇಳಿ ಬರ್ಕೊಳ್ಳಿ ಮೇಡಂ" ಎಂದಳು ಅಕ್ಕ.

ಅವರು ಪೆನ್ನು ಎತ್ತಿ, ಅವನ ಉತ್ತರಕ್ಕೆ ಕಾದರು.