ಹೀರೆ ಎಲೆಯ ಗಡಿಯಾರ

ಪಾಲಹಳ್ಳಿಯ ಕುಂಬಾರ ಹೊನ್ನಪ್ಪನಿಗೆ ಇದ್ದದ್ದು ಒಂದೇ ಹಟ: ಸಾಯುವುದರೊಳಗೆ ಹೆಂಡತಿ ಪುಟ್ಟಲಕ್ಷ್ಮಮ್ಮ ತನ್ನ ಮಾತು ನಂಬಬೇಕು. ಮದುವೆಗೆ ಮೊದಲು ಅವನು ಮೈಸೂರಿನ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಯಾವುದೋ ವಿಲಾಯತಿ ಚಿತ್ರ ಮುಂದಿಟ್ಟುಕೊಂಡು, ಮೈತುಂಬ ಬಳ್ಳಿ ಹಬ್ಬಿದ ಗಡಿಯಾರವೊಂದನ್ನು ಅಲ್ಲಿ ತಾನೇ ಮಾಡಿದ್ದೆನೆಂದು ಹೇಳಿದಾಗಲೆಲ್ಲ ಅವಳದು ಒಂದೇ ಉತ್ತರ: “ಮೊದ್ಲು ಮಡಕೆ ನೆಟ್ಟಗೆ ಸುಡು.” ಕಾರ್ಖಾನೆ ಎಂದೋ ಮುಚ್ಚಿತ್ತು. ಅದರ ಮಾಲೀಕ ಕೆಲಸಗಾರರ ಹೆಸರನ್ನು ಮಾಲಿನ ಮೇಲೆ ಬರೆಸಿದವನೇ ಅಲ್ಲ.

1994ರಲ್ಲಿ ಗಂಜಾಂನ ರಂಗಸ್ವಾಮಿಯ ಹಳೇ ಸಾಮಾನಿನ ಅಂಗಡಿಗೆ ಹೂಕುಂಡ ಕೊಡಲು ಹೋದವನು ಗಾಜಿನ ಬೀರುವಿನಲ್ಲಿ ಅದೇ ಗಡಿಯಾರ ಕಂಡ. ಕೆಳಗೊಂದು ಚೀಟಿ: ಫ್ರಾನ್ಸಿನದು, ಇನ್ನೂರು ವರ್ಷ ಹಳೆಯದು.

“ಸ್ವಾಮಿ, ಇದು ನನ್ ಕೈಯಾಗೆ ಆಗಿದ್ದು.”

ರಂಗಸ್ವಾಮಿ ನಕ್ಕುಬಿಟ್ಟ. “ಓಗಯ್ಯಾ, ಬೆಳ್ಬೆಳಗ್ಗೆ ತಮಾಸೆ ಮಾಡ್ಬೇಡ.”

“ಎಲೆ ನೋಡಿ. ಚಿತ್ರದಲ್ಲಿದ್ದಿದ್ದು ದ್ರಾಕ್ಸಿ ಬಳ್ಳಿ. ನಾನೆಲ್ಲಿ ಅದ್ನ ಕಂಡಿದ್ದೆ? ನಮ್ ಇತ್ಲಲ್ಲಿದ್ದ ಈರೆ ಎಲೆನೇ ಮಾಡ್ಬುಟ್ಟೆ. ಫ್ರಾನ್ಸಲ್ಲಿ ಈರೇಕಾಯಿ ಬೆಳೀತಾರಾ?”

ರಂಗಸ್ವಾಮಿ ಕನ್ನಡಕ ಏರಿಸಿ ಎಲೆಯನ್ನೇ ಬಹಳ ಹೊತ್ತು ನೋಡಿದ. ನಗು ನಿಂತಿತ್ತು. ಹೊನ್ನಪ್ಪನಿಗೆ ಅಷ್ಟೇ ಸಾಕಾಯಿತು. ಪಾಪ, ವ್ಯಾಪಾರಿಯ ತಲೆಯೊಳಗೆ ಏನು ಬೇಯುತ್ತಿದೆಯೆಂದು ಅವನಿಗೇನು ಗೊತ್ತು!

ಮರುವಾರ ಹೆಂಡತಿಗೆ ಒಳ್ಳೇ ಸೀರೆ ಉಡಿಸಿ, ನಿಮಿಷಾಂಬೆಗೆ ಕೈಮುಗಿಸಿ, ಅಂಗಡಿಗೆ ಕರೆತಂದ. ಒಳಗೆ ರಂಗಸ್ವಾಮಿ ಬೆಂಗಳೂರಿನ ಗಿರಾಕಿಗಳಿಗೆ ಗಡಿಯಾರದ ಕಥೆ ಹೇಳುತ್ತಿದ್ದ. ಸುಲ್ತಾನರ ಕಾಲದಲ್ಲಿ ಫ್ರಾನ್ಸಿನ ಕುಶಲಕರ್ಮಿಯೊಬ್ಬ ಇಲ್ಲಿಗೆ ಬಂದಿದ್ದನಂತೆ, ಕಾವೇರಿ ದಡದಲ್ಲಿ ಹೀರೆಬಳ್ಳಿ ಕಂಡು ಮರುಳಾದನಂತೆ.

“ಇಲ್ದಿದ್ರೆ ಫ್ರಾನ್ಸಿನವನ ಗಡಿಯಾರಕ್ಕೆ ಹೀರೆ ಎಲೆ ಎಲ್ಲಿಂದ ಬಂತು?” ಎಂದವನು ಬಾಗಿಲಲ್ಲಿ ನಿಂತ ಹೊನ್ನಪ್ಪನನ್ನು ಕಂಡ. “ಇವ್ನು ಹಳ್ಳಿಯೋನು, ಇವ್ನನ್ನೇ ಕೇಳಿ. ಏನಪ್ಪಾ, ಇದು ಹೀರೆ ಎಲೆ ತಾನೆ?”

“ಔದು ಸ್ವಾಮಿ. ಆದ್ರೆ ಅದ್ನ ಮಾಡಿದ್ದು...”

“ಕೇಳಿದ್ರಲ್ಲ!” ಎಂದು ರಂಗಸ್ವಾಮಿ ಅಷ್ಟಕ್ಕೇ ಅವನ ಮಾತು ಕತ್ತರಿಸಿದ. ಗಿರಾಕಿಗಳು ತಲೆದೂಗಿದರು. ತನ್ನ ಬಾಯಿಗೆ ತಾನೇ ಮಣ್ಣು ಹಾಕಿಕೊಂಡೆನಲ್ಲ ಎಂದು ಹೊನ್ನಪ್ಪನಿಗೆ ಆಗ ಹೊಳೆಯಿತು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಅವನ ತೋಳು ಹಿಡಿದು ಹೊರಗೆ ಎಳೆದಿದ್ದಳು.

ಬಸ್ಸಿನಲ್ಲಿ ಅವಳು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಪಾಲಹಳ್ಳಿ ಹತ್ತಿರವಾದಾಗ, ಪಕ್ಕದವರಿಗೆ ಕೇಳಿಸದಂತೆ ಹೇಳಿದಳು:

“ಮೂವತ್ ವರ್ಸ ಸುಮ್ಕೆ ಬುರುಡೆ ಬುಡ್ತಾವ್ನೆ ಅಂದ್ಕಂಡಿದ್ದೆ. ಯಾರೋ ಸತ್ತೋದೋನು ಮಾಡಿದ್ದನ್ನ ನಂದು ಅಂತಿದ್ದೆಯಲ್ಲ, ನಿಂಗೆ ನಾಚ್ಕೆ ಆಗಕಿಲ್ವಾ?”